ಇಟ್ಟಿಗೆಯೊಳಗೆ ಯಾರಿದ್ದಾರೆ? — ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಮರುವಿಮರ್ಶೆ

ವಿಡಿಯೋ ಗೇಮಿಗೂ ವಿಮರ್ಶೆಯೇ? ಮಕ್ಕಳಾಟಕ್ಕೆ ಇಷ್ಟು ಪುಟ ಬೇಕೇ? ಹೀಗೆ ಕೇಳುವ ಗೆಳೆಯರಿದ್ದಾರೆ. ಕೇಳಲಿ. ನಮ್ಮ ಉತ್ತರ ಇಷ್ಟೆ. ಜಪಾನಿನ ನಿಂಟೆಂಡೊ ಕಂಪನಿ 1985ರ ಸೆಪ್ಟೆಂಬರ್ 13ರಂದು ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಎಂಬ ಆಟ ಕಂಪನಿಯ ಲೆಕ್ಕಕ್ಕೆ ಸಿಕ್ಕಷ್ಟೇ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಲೆಕ್ಕಕ್ಕೆ ಸಿಗದ ನಕಲಿ ಪ್ರತಿಗಳು ಬೇರೆ. ಇಷ್ಟು ಕೈಗಳು ಹಿಡಿದ ಕಾದಂಬರಿ ಯಾವುದಿದೆ ಹೇಳಿ? ಜನರ ಕೈಗೆ ಸಿಕ್ಕ ಕೃತಿಯನ್ನು ವಿಮರ್ಶೆ ಮುಟ್ಟೋದಿಲ್ಲ ಅಂದ್ರೆ ವಿಮರ್ಶೆಗೆ ಮಡಿ ಬಂತು ಅಂತಲೇ ಅರ್ಥ.

ಈ ಆಟದ ಬಗ್ಗೆ ಎರಡು ಬಗೆಯ ಮಾತು ಚಲಾವಣೆಯಲ್ಲಿವೆ. ಒಂದು ಹಳಹಳಿಕೆಯ ಮಾತು. ‘ಆ ಕಾಲವೇ ಕಾಲ, ಆ ಸಂಗೀತವೇ ಸಂಗೀತ’ ಅಂತ ಕಣ್ಣೊದ್ದೆ ಮಾಡಿಕೊಳ್ಳುವವರದು. ಇನ್ನೊಂದು, ‘ಮಕ್ಕಳ ಕಣ್ಣು ಹಾಳು, ಓದು ಹಾಳು’ ಅಂತ ಕೈಕೊಡವುವವರದು. ಮೊದಲನೆಯವರು ಆಟವನ್ನು ನೋಡದೆ ತಮ್ಮ ಬಾಲ್ಯವನ್ನು ನೋಡಿಕೊಳ್ಳುತ್ತಾರೆ. ಎರಡನೆಯವರು ನೋಡೋದೇ ಇಲ್ಲ. ನಾವು ಈಚೆಗೆ ಅದರ 32 ಹಂತಗಳನ್ನೂ ಮತ್ತೆ ಆಡಿದೆವು. ಪೆಟ್ಟಿಗೆಯ ಜೊತೆ ಕಂಪನಿ ಕೊಡುತ್ತಿದ್ದ ಕೈಪಿಡಿಯನ್ನೂ ಓದಿದೆವು. ನಮಗೆ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇವೆ. ಕಲಿಸುವುದರಲ್ಲಿ ಈ ಆಟಕ್ಕೆ ಸಾಟಿಯಾದದ್ದು ಕಡಿಮೆ. ಆದರೆ ಅದು ಹೇಳುವ ಕಥೆಯ ಹೊಟ್ಟೆಯಲ್ಲಿ ಒಂದು ಅನ್ಯಾಯವಿದೆ. ಆಟ ಇಷ್ಟು ಚೆನ್ನಾಗಿರುವುದರಿಂದಲೇ ಆ ಅನ್ಯಾಯ ಯಾರ ಕಣ್ಣಿಗೂ ಬೀಳದೆ ನಲವತ್ತು ವರ್ಷ ದಾಟಿಬಂದಿದೆ.

ನೋಡದವರಿಗಾಗಿ ಎರಡು ಮಾತು. ಅಣಬೆಗಳ ಒಂದು ರಾಜ್ಯ. ಅದರ ಮೇಲೆ ಆಮೆಗಳ ಅರಸ ಬೌಸರ್ ದಂಡೆತ್ತಿ ಬಂದು ರಾಜಕುಮಾರಿಯನ್ನು ಹಿಡಿದೊಯ್ದಿದ್ದಾನೆ. ಮಾರಿಯೊ ಎಂಬ ಕುಳ್ಳ ಮೀಸೆಯವನು ಅವಳನ್ನು ಬಿಡಿಸಲು ಹೊರಡುತ್ತಾನೆ. ಪರದೆಯ ಎಡದಿಂದ ಬಲಕ್ಕೆ ಓಡಬೇಕು, ಹಳ್ಳ ದಾಟಬೇಕು, ಶತ್ರುಗಳ ತಲೆಯ ಮೇಲೆ ನೆಗೆಯಬೇಕು, ತಲೆಯ ಮೇಲಿರುವ ಇಟ್ಟಿಗೆಗಳನ್ನು ಗುದ್ದಬೇಕು. ಒಟ್ಟು 8 ಲೋಕ, ಲೋಕಕ್ಕೆ 4 ಹಂತ. ಪ್ರತಿ ನಾಲ್ಕನೆಯ ಹಂತ ಒಂದು ಕೋಟೆ. ಕಥೆ ಇಷ್ಟೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ಏಳು ಸಮುದ್ರದಾಚೆಯ ರಾಜಕುಮಾರಿಯ ಕಥೆಗೂ ಇದಕ್ಕೂ ದೂರವೇನಿಲ್ಲ.

*

ಮೊದಲು ಒಳ್ಳೆಯದನ್ನು ಹೇಳೋಣ. ಒಳ್ಳೆಯದನ್ನು ಮೆಚ್ಚದ ತಕರಾರಿಗೆ ಬೆಲೆಯಿಲ್ಲ.

ನಿಂಟೆಂಡೊ 1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಹೂವಿನ ಎಲೆಗಳನ್ನು ಮಾಡುವ ಅಂಗಡಿಯಾಗಿ ಶುರುವಾದದ್ದು. 1983ರ ಜುಲೈ 15ರಂದು ಅದು ‘ಫ್ಯಾಮಿಲಿ ಕಂಪ್ಯೂಟರ್’ ಅನ್ನೋ ಯಂತ್ರವನ್ನು ಜಪಾನಿನ ಮಾರುಕಟ್ಟೆಗೆ ಬಿಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ಈ ವ್ಯಾಪಾರ ಮಕಾಡೆ ಬಿದ್ದಿತ್ತು. ಮಾರಾಟವಾಗದ ಕ್ಯಾಸೆಟ್ಟುಗಳನ್ನು ಅಟಾರಿ ಕಂಪನಿ ನ್ಯೂ ಮೆಕ್ಸಿಕೋದ ಆಲಮಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿತು. 2014ರಲ್ಲಿ ಅದನ್ನು ಅಗೆದು ಹೊರತೆಗೆದರು. ಹೀಗೆ ಒಂದು ಕಡೆ ಮಣ್ಣುಪಾಲಾದ ಕಸುಬನ್ನು ಇನ್ನೊಂದು ಕಡೆ ಎಬ್ಬಿಸಿ ನಿಲ್ಲಿಸಿದವರು ಶಿಗೆರು ಮಿಯಾಮೋಟೊ, ತಕಾಶಿ ತೆಜುಕಾ, ಸಂಗೀತದ ಕೋಜಿ ಕೊಂಡೊ ಮತ್ತು ಅವರ ಸಂಗಡಿಗರು.

ಅವರ ಕೈಯಲ್ಲಿದ್ದ ಬಂಡವಾಳ ಎಷ್ಟು? ಬರೀ 40 ಕಿಲೋಬೈಟ್ ಜಾಗ. ಅದರಲ್ಲಿ 32 ಆಟದ ಲೆಕ್ಕಾಚಾರಕ್ಕೆ, 8 ಚಿತ್ರಗಳಿಗೆ. ಇವತ್ತು ಮೊಬೈಲಿನಲ್ಲಿ ತೆಗೆಯುವ ಒಂದೇ ಒಂದು ಫೋಟೋಗೆ ಇದರ ಎಷ್ಟೋ ಪಟ್ಟು ಜಾಗ ಬೇಕು. ಹಾಗಾಗಿ ಇಲ್ಲಿ ಒಂದು ಚುಕ್ಕೆಯೂ ದಂಡವಾಗಿಲ್ಲ. ಆಕಾಶದಲ್ಲಿ ತೇಲುವ ಮೋಡವನ್ನೂ ನೆಲದ ಮೇಲಿನ ಪೊದೆಯನ್ನೂ ಸರಿಯಾಗಿ ನೋಡಿ. ಎರಡೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ತಪತಪನೆ ನಡೆದು ಬರುವ ಗೂಂಬಾ ಎಂಬ ಅಣಬೆ ಸಿಪಾಯಿಗೆ ಇರುವುದು ಒಂದೇ ಚಿತ್ರ. ಅದನ್ನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಗುಚಿದರೆ ನಡಿಗೆಯಾಯಿತು. ಮಾರಿಯೊನ ಮೀಸೆಯೂ ಹೀಗೇ ಬಂದದ್ದು. ನಾಲ್ಕಾರು ಚುಕ್ಕೆಗಳಲ್ಲಿ ಬಾಯಿ ಬಿಡಿಸಲಾಗದೆ ಮೀಸೆ ಇಟ್ಟರು. ಕೂದಲು ಹಾರಿಸಲಾಗದೆ ಟೋಪಿ ಹಾಕಿದರು. ಕೈ ಆಡುವುದು ಕಾಣಬೇಕಲ್ಲ, ಅದಕ್ಕೆ ಕೆಲಸಗಾರರ ಉಡುಪು ತೊಡಿಸಿದರು. ಇಲ್ಲದಿರುವಿಕೆಯೇ ಇಲ್ಲಿ ರೂಪವನ್ನು ಕೊಟ್ಟಿದೆ. ಹರಿದ ಸೀರೆಗಳಿಂದ ಕೌದಿ ಹೊಲಿಯುವ ಹೆಂಗಸರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳ್ಳಿ ಶಾಲೆಯ ಮೇಷ್ಟ್ರುಗಳು ಇದರ ಮೊದಲ ಹಂತವನ್ನು ಒಮ್ಮೆ ಗಮನಿಸಬೇಕು ಅಂತ ನಮ್ಮ ಆಸೆ. ಅಲ್ಲಿ ಪಾಠವಿದೆ, ಪಾಠ ಹೇಳುವವರಿಲ್ಲ. ಅಕ್ಷರ ಬಾರದ ಮಗುವೂ ಕಲಿಯುತ್ತದೆ. ಹೇಗೆ? ಮಾರಿಯೊ ಪರದೆಯ ಎಡಕ್ಕೆ ನಿಂತಿದ್ದಾನೆ. ಬಲಕ್ಕೆ ಬಯಲು ಖಾಲಿ ಬಿದ್ದಿದೆ. ‘ಆ ಕಡೆ ಹೋಗು’ ಅಂತ ಯಾರೂ ಹೇಳಲಿಲ್ಲ, ಖಾಲಿ ಬಯಲೇ ಹೇಳಿತು. ನಾಲ್ಕು ಹೆಜ್ಜೆ ಹೋದರೆ ಪ್ರಶ್ನೆ ಚಿಹ್ನೆ ಇರುವ ಒಂದು ಡಬ್ಬ ತಲೆಯ ಮೇಲೆ ಮಿನುಗುತ್ತದೆ. ಎದುರಿನಿಂದ ಗೂಂಬಾ ಬರುತ್ತದೆ. ಸುಮ್ಮನೆ ನಿಂತರೆ ಸಾವು. ಸತ್ತರೂ ಕಳೆದುಕೊಂಡದ್ದು ನಾಲ್ಕು ಹೆಜ್ಜೆ ದಾರಿ ಮಾತ್ರ. ಎರಡನೆಯ ಸಲ ಮಗು ನೆಗೆಯುತ್ತದೆ. ನೆಗೆದಾಗ ತಲೆ ಡಬ್ಬಕ್ಕೆ ಬಡಿದರೆ ಕಾಸು ಬಂತು, ಕಾಲು ಗೂಂಬಾದ ಮೇಲೆ ಬಿದ್ದರೆ ಗೂಂಬಾ ಸತ್ತಿತು. ಒಂದೇ ನೆಗೆತದಲ್ಲಿ ಎರಡು ಪಾಠ.

ಮುಂದಿನ ಡಬ್ಬದಿಂದ ಒಂದು ಅಣಬೆ ಹೊರಬೀಳುತ್ತದೆ. ಈಗಷ್ಟೇ ಅಣಬೆಯಂಥದ್ದೇ ಒಂದು ಪ್ರಾಣಿ ಕೊಂದಿತ್ತಲ್ಲ, ಮಗು ಇದಕ್ಕೂ ಹೆದರುತ್ತದೆ. ಆದರೆ ಅಣಬೆ ಬಲಕ್ಕೆ ಜಾರಿ, ಕೆಳಗೆ ಬಿದ್ದು, ಹಸಿರು ಪೈಪಿಗೆ ಬಡಿದು ವಾಪಸು ಮಗುವಿನ ಕಡೆಗೇ ಬರುತ್ತದೆ. ತಪ್ಪಿಸಿಕೊಳ್ಳಲು ನೆಗೆದರೆ ಮೇಲಿನ ಇಟ್ಟಿಗೆಗೆ ತಲೆ ಬಡಿದು ಅದರ ಮೇಲೇ ಬೀಳುವ ಸಂಭವ ಹೆಚ್ಚು. ಮುಟ್ಟಿದರೆ ಮಾರಿಯೊ ದೊಡ್ಡವನಾಗುತ್ತಾನೆ. ಎಲ್ಲ ಅಣಬೆಯೂ ಶತ್ರುವಲ್ಲ ಅನ್ನೋದು ಮಗುವಿನ ಮೈಗೇ ಗೊತ್ತಾಯಿತು. ಹಂತದ ಕೊನೆಯ ಕಡೆಗೆ ಎದುರುಬದುರು ಎರಡು ಮೆಟ್ಟಿಲ ಸಾಲು ಬರುತ್ತವೆ. ಮೊದಲ ಜೋಡಿಯ ನಡುವೆ ಗಟ್ಟಿ ನೆಲ. ಬಿದ್ದರೆ ಏನೂ ಆಗೋದಿಲ್ಲ. ಎರಡನೆಯ ಜೋಡಿಯ ನಡುವೆ ಗುಂಡಿ. ಅಭ್ಯಾಸ ಮೊದಲು, ಪರೀಕ್ಷೆ ಆಮೇಲೆ. ಮಿಯಾಮೋಟೊ ಅವರೇ ಈ ಮೊದಲ ಹಂತದ ಜೋಡಣೆಯನ್ನು ಎಷ್ಟೋ ವರ್ಷಗಳ ಮೇಲೆ ವಿವರಿಸಿ ಹೇಳಿದ್ದಾರೆ. ಬೆತ್ತ ಹಿಡಿದು, ಬಾಯಿಪಾಠ ಮಾಡಿಸಿ, ಮೊದಲ ತಪ್ಪಿಗೇ ‘ದಡ್ಡ’ ಅಂತ ಮುದ್ರೆ ಒತ್ತಿ ಹಿಂದಿನ ಬೆಂಚಿಗೆ ಅಟ್ಟುವ ಶಿಕ್ಷಣವನ್ನು ಕಂಡವರು ನಾವು. ತಪ್ಪಿಗೆ ಇಷ್ಟು ಕಡಿಮೆ ದಂಡ ಹಾಕುವ ಗುರುವನ್ನು ಮೆಚ್ಚದೆ ಹೇಗಿರೋಣ?

ಇನ್ನು ಕೈಯ ಸುಖ. ಮಾರಿಯೊ ಓಡುತ್ತಾ ನಿಲ್ಲಬೇಕೆಂದರೆ ತಟ್ಟನೆ ನಿಲ್ಲುವುದಿಲ್ಲ, ಒಂದಿಷ್ಟು ಜಾರುತ್ತಾನೆ. ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿದರೆ ಅಷ್ಟು ಎತ್ತರ ನೆಗೆಯುತ್ತಾನೆ. ಓಡಿ ಬಂದು ನೆಗೆದರೆ ಇನ್ನೂ ದೂರ. ಅಂದರೆ ಅವನ ಮೈಗೆ ತೂಕವಿದೆ. ಪರದೆಯ ಮೇಲಿನ ಚುಕ್ಕೆಗಳ ಗೊಂಬೆ ಅಂತ ಅನ್ನಿಸೋದೇ ಇಲ್ಲ. ಕಾಲುವೆ ಹಾರಿದ, ಮರದಿಂದ ಧುಮುಕಿದ ನಮ್ಮದೇ ಮೈಯ ನೆನಪು ಅದರಲ್ಲಿದೆ. ಕೊಂಡೊ ಅವರ ಸಂಗೀತವೂ ಈ ನಡಿಗೆಗೆ ಕಟ್ಟಿದ್ದು. ಗಡುವು 100ಕ್ಕಿಂತ ಕೆಳಗಿಳಿದರೆ ಅದೇ ರಾಗ ಅವಸರಕ್ಕೆ ಬೀಳುತ್ತದೆ, ಆಡುವವನ ಎದೆಯೂ ಬೀಳುತ್ತದೆ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ರಾಗವನ್ನು ಕಾಪಿಡಬೇಕಾದ ಧ್ವನಿಮುದ್ರಣಗಳ ಸಾಲಿಗೆ ಸೇರಿಸಿತು. ವಿಡಿಯೋ ಗೇಮಿನ ಸಂಗೀತಕ್ಕೆ ಅಲ್ಲಿ ಸಿಕ್ಕ ಮೊದಲ ಜಾಗ ಅದು.

ಇಷ್ಟನ್ನೂ ಒಪ್ಪಿದೆವು. ರೂಪ ನೋಡಿ ಸಾಕು, ವಸ್ತುವಿನ ಮಾತೇಕೆ ಅನ್ನುವವರು ಇಲ್ಲಿಗೇ ನಿಲ್ಲಬಹುದು. ನಮಗೆ ನಿಲ್ಲೋಕೆ ಆಗೋದಿಲ್ಲ.

*

ಮಾರಿಯೊ ಯಾರು? ಕೆಲಸಗಾರ. 1981ರ ‘ಡಾಂಕಿ ಕಾಂಗ್’ ಆಟದಲ್ಲಿ ಅವನು ಬಡಗಿ. ಆಗ ಅವನಿಗೆ ಹೆಸರೂ ಇರಲಿಲ್ಲ. ‘ಜಂಪ್‌ಮ್ಯಾನ್’, ಅಂದರೆ ನೆಗೆಯುವವನು ಅಂತ ಕರೆದು ಮುಗಿಸಿದ್ದರು. ಮಾಡುವ ಕೆಲಸವೇ ಹೆಸರಾಗುವುದು ಯಾರ ಪಾಡು ಅಂತ ನಮ್ಮ ಓದುಗರಿಗೆ ಗೊತ್ತು. 1983ರ ‘ಮಾರಿಯೊ ಬ್ರದರ್ಸ್’ ಆಟದಲ್ಲಿ ಅವನು ಕೊಳವೆ ರಿಪೇರಿ ಮಾಡುವ ಪ್ಲಂಬರ್ ಆದ. ‘ಮಾರಿಯೊ’ ಅನ್ನೋ ಹೆಸರು ಎಲ್ಲಿಂದ ಬಂತು? ನಿಂಟೆಂಡೊದ ಅಮೆರಿಕ ಶಾಖೆ ಸಿಯಾಟಲ್ ಹತ್ತಿರ ಒಂದು ಗೋದಾಮು ಬಾಡಿಗೆಗೆ ಹಿಡಿದಿತ್ತು. ಅದರ ಮಾಲೀಕ ಮಾರಿಯೊ ಸೆಗಾಲಿ. ಆತ 2018ರಲ್ಲಿ ತೀರಿಕೊಂಡರು. ಹೆಸರಿಲ್ಲದ ಕೆಲಸಗಾರನಿಗೆ ಆ ಮಾಲೀಕನ ಹೆಸರನ್ನಿಟ್ಟರು. ತಮಾಷೆಗೆ ಇಟ್ಟದ್ದೇ ಇರಬಹುದು. ಆದರೆ ಲೋಕಕ್ಕೆಲ್ಲ ಗೊತ್ತಿರುವ ಈ ಪ್ಲಂಬರ್ ಜಮೀನ್ದಾರನ ಹೆಸರು ಹೊತ್ತು ಓಡುತ್ತಿದ್ದಾನೆ ಅನ್ನೋದು ತಮಾಷೆಗಿಂತ ಹೆಚ್ಚಿನದನ್ನು ಹೇಳುತ್ತದೆ.

ಕೆಲಸಗಾರ ಅಂತೀವಿ, ಅವನು ಕೆಲಸ ಮಾಡುವುದನ್ನು ಈ ಆಟದಲ್ಲಿ ಯಾರಾದರೂ ನೋಡಿದ್ದೀರಾ? ಹೆಜ್ಜೆಹೆಜ್ಜೆಗೂ ಪೈಪುಗಳಿವೆ. ಒಂದನ್ನೂ ಅವನು ರಿಪೇರಿ ಮಾಡೋದಿಲ್ಲ. ಪೈಪಿನೊಳಗೆ ಇಳಿದು ಕಾಸು ಬಾಚಿಕೊಂಡು ಬರುತ್ತಾನೆ. 100 ಕಾಸು ಕೂಡಿದರೆ ಒಂದು ಪ್ರಾಣ ಹೆಚ್ಚಿಗೆ. ಅವನ ಮೈಮೇಲೆ ಕೂಲಿಯವನ ಬಟ್ಟೆ ಇದೆ, ಕೈಯಲ್ಲಿ ಮಾತ್ರ ಕಸುಬಿಲ್ಲ. ಕೊನೆಗೆ ಕೋಟೆಯೊಳಗೆ ಬೌಸರ್‌ನ ಹಿಂದೆ ಒಂದು ಕೊಡಲಿ ಇಟ್ಟಿದೆ. ಅದನ್ನು ಮುಟ್ಟಿದರೆ ಸೇತುವೆ ಮುರಿದು ಅರಸ ಬೆಂಕಿಗೆ ಬೀಳುತ್ತಾನೆ. ಇಡೀ ಆಟದಲ್ಲಿ ಅವನ ಕೈಗೆ ಸಿಗುವ ದುಡಿಮೆಯ ಸಲಕರಣೆ ಅದೊಂದೇ.

ಇನ್ನೊಂದು ಮಾತು. ಈ ಆಟದಲ್ಲಿ ಹಿಂದಕ್ಕೆ ದಾರಿಯಿಲ್ಲ. ಪರದೆ ಬಲಕ್ಕೆ ಸರಿಯಿತು ಅಂದ್ರೆ ಎಡಗಡೆ ಬಿಟ್ಟುಬಂದದ್ದು ಹೋಯಿತು. ಒಂದು ಹೆಜ್ಜೆ ಹಿಂದಿಟ್ಟರೆ ಕಾಣದ ಗೋಡೆಗೆ ಬಡಿಯುತ್ತೀರಿ. ಯಂತ್ರದ ಮಿತಿಗೆ ತಕ್ಕ ಏರ್ಪಾಟು ಅದು ಅನ್ನಬಹುದು. ಆದರೆ ಆಡುವವನ ಮನಸ್ಸಿಗೆ ಅದು ಕಲಿಸುವುದೇನು? ತಾನು ದಾಟಿಬಂದ ಜಾಗಕ್ಕೆ ಏನಾಯಿತು ಅಂತ ನೋಡುವ ಅಗತ್ಯವೇ ಇಲ್ಲ ಅಂತ. ತುಳಿದದ್ದು, ಒಡೆದದ್ದು ಎಲ್ಲ ಪರದೆಯ ಆಚೆ. ಮೇಲೆ ಗಡುವು ಬೇರೆ ಓಡುತ್ತಿದೆ. ತಿರುಗಿ ನೋಡಲು ಹೊತ್ತೂ ಇಲ್ಲ, ಜಾಗವೂ ಇಲ್ಲ. ಅಭಿವೃದ್ಧಿಯ ಹೆಸರಿನಲ್ಲಿ ಹೀಗೇ ಬಲಕ್ಕೆ ಓಡುವವರನ್ನು ನಾವು ಬೇರೆ ಕಡೆಯೂ ಕಂಡಿದ್ದೇವೆ.

ಹಾಗಾದರೆ ದಾಟಿ ಬಂದ ಜಾಗದಲ್ಲಿ ಏನನ್ನು ಒಡೆದೆವು? ಇಲ್ಲಿಗೆ ಕೈಪಿಡಿಯ ಮಾತು ಬರುತ್ತದೆ.

*

1990ರ ದಶಕದಲ್ಲಿ ನಮ್ಮ ಪೇಟೆಗಳಿಗೆ ಈ ಆಟ ಬಂದದ್ದು ಹೆಚ್ಚಾಗಿ ಅಗ್ಗದ ನಕಲಿ ಯಂತ್ರಗಳಲ್ಲಿ. ಒಂದೇ ಹಳದಿ ಕ್ಯಾಸೆಟ್ಟಿನಲ್ಲಿ ಸಾವಿರಾರು ಆಟ ಅಂತ ಮೇಲೆ ಬರೆದಿರುತ್ತಿತ್ತು, ಒಳಗೆ ಹತ್ತಿಪ್ಪತ್ತು ಆಟ ತಿರುಗಾಮುರುಗಾ ಬರುತ್ತಿದ್ದವು. ಅದಕ್ಕೆ ಕೈಪಿಡಿ ಎಲ್ಲಿಂದ ಬರಬೇಕು? ಹಾಗಾಗಿ ಆಡಿದವರಲ್ಲಿ ಬಹಳ ಮಂದಿಗೆ ಕಥೆಯ ಪೂರ್ವಾರ್ಧ ಗೊತ್ತಾಗಲೇ ಇಲ್ಲ. ಅದು ಹೀಗಿದೆ. ಬೌಸರ್‌ನ ಆಮೆ ಕುಲಕ್ಕೆ ಮಾಟ ಗೊತ್ತಿತ್ತು. ಅವರು ಅಣಬೆ ರಾಜ್ಯದ ಶಾಂತ ಪ್ರಜೆಗಳನ್ನು ಮಾಟ ಮಾಡಿ ಕಲ್ಲಾಗಿ, ಇಟ್ಟಿಗೆಯಾಗಿ, ಬಯಲಿನ ಗಿಡವಾಗಿ ಬದಲಾಯಿಸಿಬಿಟ್ಟರು. ಆ ಮಾಟ ತೆಗೆಯುವ ಶಕ್ತಿ ಇರುವುದು ರಾಜಕುಮಾರಿಗೆ ಒಬ್ಬಳಿಗೇ. ಅದಕ್ಕೇ ಅವಳನ್ನು ಬಿಡಿಸಬೇಕು.

ಇನ್ನೊಮ್ಮೆ ಓದಿ ಗೆಳೆಯರೇ. ಪ್ರಜೆಗಳು ಇಟ್ಟಿಗೆಯಾಗಿದ್ದಾರೆ. ಮಾರಿಯೊ ದಾರಿಯುದ್ದಕ್ಕೂ ಮಾಡುವುದೇನು? ಇಟ್ಟಿಗೆ ಒಡೆಯುವುದು.

ಲೆಕ್ಕ ನೋಡಿ. ಒಂದು ಇಟ್ಟಿಗೆ ಒಡೆದರೆ 50 ಅಂಕ. ಒಂದು ಗೂಂಬಾ ತುಳಿದರೆ 100 ಅಂಕ. ಒಂದು ಕಾಸು ಸಿಕ್ಕರೆ 200 ಅಂಕ. ಹಂತ ಮುಗಿದಾಗ ಗಡುವಿನಲ್ಲಿ ಉಳಿದ ಒಂದೊಂದು ಎಣಿಕೆಗೂ 50 ಅಂಕ. ಒಬ್ಬ ಪ್ರಜೆಯ ಬೆಲೆ ಕಾಸಿನ ನಾಲ್ಕನೆಯ ಒಂದು ಪಾಲು. ಉಳಿಸಿದ ಒಂದು ಕ್ಷಣಕ್ಕೆ ಸಮ. ಇದು ನಾವು ಹಚ್ಚಿದ ಬಣ್ಣವಲ್ಲ, ಆಟವೇ ಪರದೆಯ ಮೇಲೆ ಬರೆದು ತೋರಿಸುವ ಲೆಕ್ಕ.

ಆ ಗೂಂಬಾಗಳು ಯಾರು? ಕೈಪಿಡಿಯ ಪ್ರಕಾರ ಅವರೂ ಇದೇ ರಾಜ್ಯದ ಅಣಬೆಗಳು; ನಾಡಿಗೆ ದ್ರೋಹ ಮಾಡಿ ಶತ್ರುವಿನ ಕಡೆ ಸೇರಿದವರು. ಯಾಕೆ ಸೇರಿದರು? ಅದನ್ನು ಯಾರೂ ಹೇಳುವುದಿಲ್ಲ. ದ್ರೋಹಿ ಅಂದಮೇಲೆ ಕಾರಣ ಕೇಳುವ ಪದ್ಧತಿ ಅರಮನೆಗಳಲ್ಲಿ ಎಲ್ಲಿತ್ತು! ಇನ್ನೊಂದು ಗುಟ್ಟು. ಬೆಂಕಿಯ ಉಂಡೆ ಎಸೆದು ಮೊದಲ ಏಳು ಕೋಟೆಗಳ ಬೌಸರ್‌ನನ್ನು ಕೊಂದು ನೋಡಿ. ಸಾಯುವಾಗ ಅವನ ನಿಜರೂಪ ಕಾಣುತ್ತದೆ. ಒಬ್ಬನೂ ಅರಸನಲ್ಲ. ಮೊದಲ ಕೋಟೆಯವನು ಗೂಂಬಾ, ಎರಡನೆಯವನು ಒಂದು ಸಾಮಾನ್ಯ ಆಮೆ. ಅರಸನ ವೇಷ ಹಾಕಿಸಿಕೊಂಡು ಅರಸನ ಬದಲು ಸಾಯಲು ನಿಂತ ಕಾಲಾಳುಗಳು. ನಿಜವಾದ ಅರಸ ಎಂಟನೆಯ ಕೋಟೆಯಲ್ಲಿ ಕ್ಷೇಮವಾಗಿದ್ದಾನೆ. ಎರಡೂ ಪಕ್ಷದಲ್ಲಿ ಸಾಯುವವರು ಒಂದೇ ಜನ ಅನ್ನೋದನ್ನು ಆಟ ತನಗೇ ಅರಿವಿಲ್ಲದೆ ಬಯಲು ಮಾಡಿಬಿಟ್ಟಿದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ನಾವೇ ಎತ್ತಿಬಿಡುತ್ತೇವೆ. ಕೈಪಿಡಿ ಎಲ್ಲ ಇಟ್ಟಿಗೆಯೂ ಪ್ರಜೆ ಅಂತ ಹೇಳಿಲ್ಲ. ಅಷ್ಟೇ ಅಲ್ಲ, ಇಟ್ಟಿಗೆಯಾದ ಅಣಬೆ ಪ್ರಜೆಗಳು ಎದುರಾದರೆ ಮಾರಿಯೊಗೆ ಬಲ ಕೊಟ್ಟು ನೆರವಾಗುತ್ತಾರೆ ಅಂತಲೂ ಅದರಲ್ಲಿದೆ. ಸರಿ. ಆದರೆ ಯಾವ ಇಟ್ಟಿಗೆಯಲ್ಲಿ ಪ್ರಜೆ ಇದ್ದಾನೆ, ಯಾವುದರಲ್ಲಿ ಇಲ್ಲ ಅಂತ ಗುದ್ದುವ ಮೊದಲು ತಿಳಿಯೋದು ಹೇಗೆ? ಎಲ್ಲ ಇಟ್ಟಿಗೆಯೂ ಒಂದೇ ಬಣ್ಣ, ಒಂದೇ ಆಕಾರ. ಬಲ ಕೊಟ್ಟವನು ಪ್ರಜೆ, ಏನೂ ಕೊಡದವನು ಬರೀ ಇಟ್ಟಿಗೆ ಅಂತಾಯಿತಲ್ಲ? ಕೊಡುವುದಕ್ಕೆ ಇದ್ದರೆ ಮಾತ್ರ ಮನುಷ್ಯ ಅನ್ನೋ ಲೆಕ್ಕ ನಮಗೆ ಹೊಸದೇನೂ ಅಲ್ಲ.

ಆಟ ಕಟ್ಟಿದವರು ಕೇಡು ಬಗೆದರು ಅಂತ ನಾವು ಹೇಳುತ್ತಿಲ್ಲ. ಇಟ್ಟಿಗೆ ಚೂರುಚೂರಾಗಿ ಹಾರುವುದು ಕಣ್ಣಿಗೂ ಕೈಗೂ ಹಿತ, ಅದಕ್ಕೇ ಇಟ್ಟಿಗೆ ಇಟ್ಟಿರಬೇಕು. ಆಟಕ್ಕೊಂದು ಕಥೆ ಬೇಕು, ಅದಕ್ಕೇ ಮಾಟದ ಕಥೆ ಹೊಲಿದಿರಬೇಕು. ಎರಡನ್ನೂ ಜೋಡಿಸಿದಾಗ ಏನಾಗುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ. ನಮ್ಮ ತಕರಾರು ಇರುವುದೇ ಅಲ್ಲಿ. ವೀರನ ದಾರಿಯಲ್ಲಿ ಪ್ರಜೆ ಪುಡಿಯಾಗುವುದು ಯಾರಿಗೂ ಹೊಳೆಯದಷ್ಟು ಸಹಜವಾಗಿಬಿಟ್ಟಿದೆ. ರಾಜಕುಮಾರಿ ಅಂದರೆ ರಾಜ್ಯ, ಅವಳು ಬಿಡುಗಡೆಯಾದರೆ ಎಲ್ಲರೂ ಬಿಡುಗಡೆಯಾದಂತೆ ಅನ್ನೋ ಹಳೆಯ ಪಾಳೇಗಾರಿ ನಂಬಿಕೆ ಹೊಸ ಯಂತ್ರದೊಳಗೂ ಬಂದು ಕೂತಿದೆ.

ಕೊನೆಯಲ್ಲಾದರೂ ಪ್ರಜೆಗಳಿಗೆ ಬಿಡುಗಡೆ ಸಿಗುತ್ತದೆಯೇ? ಮೊದಲ ಏಳು ಕೋಟೆಗಳಲ್ಲಿ ಒಬ್ಬೊಬ್ಬ ಅಣಬೆ ಪರಿಚಾರಕ ಸಿಗುತ್ತಾನೆ. ಕೃತಜ್ಞತೆ ಹೇಳಿ, ರಾಜಕುಮಾರಿ ಬೇರೆ ಕೋಟೆಯಲ್ಲಿದ್ದಾಳೆ ಅಂತ ತಿಳಿಸುತ್ತಾನೆ. ತಾನೂ ಸೆರೆಯಿಂದ ಬಿಡುಗಡೆಯಾದೆ, ಅದೂ ಒಂದು ಸುದ್ದಿ ಅಂತ ಅವನಿಗೇ ಅನ್ನಿಸುವುದಿಲ್ಲ. ಆಡುವವನಿಗೂ ಅದು ಗೆಲುವು ಅನ್ನಿಸುವುದಿಲ್ಲ, ‘ಥತ್, ಇಲ್ಲೂ ಇಲ್ಲವಾ’ ಅಂತ ಬೇಸರವಾಗುತ್ತದೆ. ಏಳು ಜನ ಆಳುಗಳ ಬಿಡುಗಡೆ ಏಳು ನಿರಾಶೆಗಳಾಗಿ ಎಣಿಕೆಯಾಗುತ್ತದೆ. ಎಂಟನೆಯ ಕೋಟೆಯಲ್ಲಿ ರಾಜಕುಮಾರಿ ಸಿಗುತ್ತಾಳೆ. ಅವಳೂ ಕೃತಜ್ಞತೆ ಹೇಳುತ್ತಾಳೆ. ನಿನ್ನ ಸಾಹಸ ಮುಗಿಯಿತು ಅನ್ನುತ್ತಾಳೆ, ಆ ಉಸಿರಿನಲ್ಲೇ ಹೊಸ ಸಾಹಸವೊಂದನ್ನು ಕೊಡುತ್ತಾಳೆ. ಅದೇ ಹಾದಿ, ಗೂಂಬಾಗಳ ಜಾಗದಲ್ಲಿ ಗಟ್ಟಿ ಚಿಪ್ಪಿನ ಹುಳುಗಳು. ಇಷ್ಟೆ. ಮಾಟ ಬಿಟ್ಟದ್ದನ್ನು, ಇಟ್ಟಿಗೆ ಮತ್ತೆ ಜೀವ ತಳೆದದ್ದನ್ನು ನಾವು ನೋಡುವುದೇ ಇಲ್ಲ. ಯಾರಿಗಾಗಿ ಹೊರಟೆವೋ ಅವರು ಕೊನೆಯ ಪರದೆಯಲ್ಲಿ ಇಲ್ಲ.

ರಾಜಕುಮಾರಿಯ ಪಾಡಾದರೂ ಏನು? ಮಾಟ ತೆಗೆಯುವ ವಿದ್ಯೆ ಗೊತ್ತಿರುವುದು ಅವಳಿಗೆ ಒಬ್ಬಳಿಗೇ. ಅಂಥವಳು ಇಡೀ ಆಟದಲ್ಲಿ ಸುಮ್ಮನೆ ನಿಂತಿರುವ ಬಹುಮಾನ. ಮುಂದೆ 1988ರಲ್ಲಿ ಅಮೆರಿಕದಲ್ಲಿ ಬಂದ ಎರಡನೆಯ ಆಟದಲ್ಲಿ ಅವಳೂ ಓಡಿದಳು, ನೆಗೆದಳು. 2024ರಲ್ಲಿ ಅವಳೇ ನಾಯಕಿಯಾದ ಆಟವೂ ಬಂತು. ಹೆಣ್ಣು ಕಾಯುತ್ತಾ ಕೂರುವ ಕಥೆ ಅಷ್ಟರಮಟ್ಟಿಗೆ ಬದಲಾಯಿತು ಅಂತ ಒಪ್ಪುತ್ತೇವೆ. ಇಟ್ಟಿಗೆಗಳ ಕಥೆ ಎಲ್ಲಿತ್ತೋ ಅಲ್ಲೇ ಇದೆ.

*

ಆಟದ ಆಚೆಗೆ ಈ ಆಟಕ್ಕೇನಾಯಿತು, ಅದನ್ನೂ ನೋಡಬೇಕು. 2016ರ ರಿಯೊ ಒಲಿಂಪಿಕ್ಸ್ ಸಮಾರೋಪದಲ್ಲಿ ಜಪಾನಿನ ಅಂದಿನ ಪ್ರಧಾನಿ ಶಿಂಜೊ ಅಬೆ ಮಾರಿಯೊನ ಕೆಂಪು ಟೋಪಿ ಹಾಕಿಕೊಂಡು ಹಸಿರು ಪೈಪಿನಿಂದ ಮೇಲೆದ್ದು ಬಂದರು. ಪ್ಲಂಬರನ ಟೋಪಿ ಪ್ರಭುತ್ವದ ತಲೆಗೇರಿತು. 2021ರ ಏಪ್ರಿಲ್‌ನಲ್ಲಿ ಈ ಆಟದ ಮೊಹರು ಒಡೆಯದ ಒಂದು ಪ್ರತಿ ಅಮೆರಿಕದ ಹರಾಜಿನಲ್ಲಿ 6 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ಅದೇ ವರ್ಷ ಆಗಸ್ಟಿನಲ್ಲಿ ಇನ್ನೊಂದು ಪ್ರತಿ 20 ಲಕ್ಷ ಡಾಲರಿಗೆ ಮಾರಾಟವಾಯಿತು. ಆಡಿದರೆ ಅದರ ಬೆಲೆ ಹೋಗುತ್ತದೆ! ಯಾವ ಮಗುವೂ ಮುಟ್ಟಲಿಲ್ಲ ಅನ್ನೋದೇ ಅದರ ಹೆಚ್ಚುಗಾರಿಕೆ. ಮುಟ್ಟದಿರುವುದನ್ನೇ ಬೆಲೆ ಮಾಡುವ ಲೋಕ ಎಂಥದ್ದು ಅಂತ ಈ ಪತ್ರಿಕೆಯ ಓದುಗರಿಗೆ ಹೇಳಿಕೊಡಬೇಕೇ?

ಇನ್ನೊಂದು ಕಡೆ ತೈವಾನ್, ಚೀನಾಗಳಲ್ಲಿ ತಯಾರಾದ ನಕಲಿ ಯಂತ್ರಗಳು. ರಷ್ಯಾದಲ್ಲಿ 1992ರಿಂದ ‘ಡೆಂಡಿ’ ಹೆಸರಿನಲ್ಲಿ, ನಮ್ಮಲ್ಲಿ ನಾನಾ ಹೆಸರುಗಳಲ್ಲಿ ಇವು ಮನೆಮನೆಗೆ ಹೋದವು. ಕಂಪನಿ ತನ್ನ ಅಮೆರಿಕದ ಯಂತ್ರಕ್ಕೆ ಬೀಗದಂಥ ಒಂದು ಚಿಪ್ಪನ್ನೇ ಇಟ್ಟಿತ್ತು. ತನ್ನ ಅಪ್ಪಣೆಯಿಲ್ಲದ ಕ್ಯಾಸೆಟ್ ಅದರಲ್ಲಿ ಓಡಬಾರದು ಅಂತ. ಅಸಲಿ ಯಂತ್ರ ಕೊಳ್ಳಲಾಗದ ದೇಶಗಳ ಮಕ್ಕಳಿಗೆ ಆಟ ತಲುಪಿದ್ದು ಬೀಗದ ಆಚೆಯಿಂದ. ಅವರು ಸುತ್ತ ಕೂತು ಆಡಿದರು. ಒಬ್ಬ ಸತ್ತರೆ ಇನ್ನೊಬ್ಬನ ಸರದಿ. ಮೊದಲ ಲೋಕದ ಎರಡನೆಯ ಹಂತದಲ್ಲಿ ಛಾವಣಿಯ ಮೇಲೆ ಓಡಿದರೆ ನೇರ ನಾಲ್ಕನೆಯ ಲೋಕಕ್ಕೆ ಒಯ್ಯುವ ಪೈಪು ಸಿಗುತ್ತದೆ ಅನ್ನೋ ಗುಟ್ಟು ಬಾಯಿಂದ ಬಾಯಿಗೆ ಹೋಯಿತು. ಅಲ್ಲೇ ಗೋಡೆಯೊಳಗೆ ಉಪಾಯದಿಂದ ತೂರಿಕೊಂಡರೆ ಮುಗಿಯದ ನೀರಿನ ಹಂತವೊಂದಕ್ಕೆ ಬೀಳುತ್ತೀರಿ. ಲೆಕ್ಕ ತಪ್ಪಿ ಹುಟ್ಟಿದ ಆ ಲೋಕದ ಸುದ್ದಿಯೂ ಹೀಗೇ ಹಬ್ಬಿತು. ಜನಪದ ಅಂದರೆ ಇದೇ. ಹರಾಜಿನ ಗಾಜಿನ ಪೆಟ್ಟಿಗೆಗಿಂತ ಈ ನಕಲಿ ಕ್ಯಾಸೆಟ್ಟುಗಳಲ್ಲೇ ಆಟ ಹೆಚ್ಚು ಬದುಕಿತ್ತು ಅಂತ ನಮಗನ್ನಿಸುತ್ತದೆ.

*

ಹಾಗಾದರೆ ಏನು ಮಾಡೋಣ? ಆಟವನ್ನು ಬಿಸಾಕೋಣವೇ? ಬೇಡ. ಬಿಸಾಕುವುದು ಸುಲಭ, ಅದರಿಂದ ಏನೂ ಬದಲಾಗುವುದಿಲ್ಲ. ಮತ್ತೆ ಆಡಿದಾಗ ನಮಗೆ ಒಂದು ಸಂಗತಿ ಕಂಡಿತು. ಅದನ್ನು ಹೇಳಿ ಮುಗಿಸುತ್ತೇವೆ.

ಇಟ್ಟಿಗೆ ಒಡೆಯುವುದು ದೊಡ್ಡ ಮಾರಿಯೊಗೆ ಮಾತ್ರ ಸಾಧ್ಯ. ಅಣಬೆ ತಿಂದು ಬೆಳೆಯುವ ಮೊದಲು ಅವನು ಗುದ್ದಿದರೆ ಇಟ್ಟಿಗೆ ಒಂದಿಷ್ಟು ಮೇಲಕ್ಕೆ ಅಲುಗಿ ಮತ್ತೆ ತನ್ನ ಜಾಗಕ್ಕೆ ಕೂರುತ್ತದೆ. ಒಳಗೆ ಕಾಸಿದ್ದರೆ ಕಾಸು ಕೊಡುತ್ತದೆ, ಒಡೆಯುವುದಿಲ್ಲ. ಒಡೆಯುವ ಬಲ ಬರುವುದು ಮೈ ದೊಡ್ಡದಾದ ಮೇಲೆ. ಅಧಿಕಾರದ ಬಗ್ಗೆ ದೊಡ್ಡ ದೊಡ್ಡ ಪುಸ್ತಕ ಹೇಳುವುದನ್ನು ಇದು ಒಂದು ಗುದ್ದಿನಲ್ಲಿ ಹೇಳಿದೆ.

ಆದರೆ ಆಟದ ನಿಯಮವೇ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ. ಮಾರಿಯೊ ಸತ್ತು ಮರುಹುಟ್ಟು ಪಡೆದಾಗಲೆಲ್ಲ ಚಿಕ್ಕವನಾಗಿಯೇ ಹುಟ್ಟುತ್ತಾನೆ. ಅದೂ ಎಲ್ಲಿ ಬೇಕಾದರೂ ಆಗಬಹುದು, ಕೊನೆಯ ಕೋಟೆಯಲ್ಲೂ ಆಗಬಹುದು. ಅದಕ್ಕೇ 32 ಹಂತಗಳಲ್ಲಿ ಒಂದನ್ನೂ ಚಿಕ್ಕ ಮಾರಿಯೊ ದಾಟಲಾಗದ ಹಾಗೆ ಕಟ್ಟುವಂತಿರಲಿಲ್ಲ. ಎಲ್ಲ ಹಂತವನ್ನೂ ಅತಿ ಚಿಕ್ಕವನ ಅಳತೆಗೇ ಕಟ್ಟಿದ್ದಾರೆ. ಅಂದರೆ ಮೊದಲಿಂದ ಕೊನೆಯವರೆಗೆ ಒಂದೇ ಒಂದು ಇಟ್ಟಿಗೆಯನ್ನೂ ಒಡೆಯದೆ ರಾಜಕುಮಾರಿಯ ಕೋಟೆ ಸೇರಬಹುದು. ಇಡೀ ಆಟವನ್ನು 5 ನಿಮಿಷಕ್ಕೂ ಕಡಿಮೆ ಹೊತ್ತಿನಲ್ಲಿ ಮುಗಿಸುವ ಪಳಗಿದ ಆಟಗಾರರಿದ್ದಾರೆ. ಅವರೂ ಅಡ್ಡದಾರಿಯ ಪೈಪುಗಳನ್ನು ಹಿಡಿದು, ಅಣಬೆಗೆ ಕಾಯದೆ, ಚಿಕ್ಕವರಾಗಿಯೇ ಓಡುತ್ತಾರೆ. ದೊಡ್ಡವನಾಗದಿದ್ದರೆ ಗೆಲುವಿಲ್ಲ ಅನ್ನೋದು ಸುಳ್ಳು ಅಂತ ಅವರ ಕೈಗಳೇ ತೋರಿಸಿಕೊಟ್ಟಿವೆ.

ವಿದ್ಯಾರ್ಥಿ ಗೆಳೆಯರಿಗೆ ನಮ್ಮದೊಂದು ಸಲಹೆ. ಈ ಆಟ ಕೈಗೆ ಸಿಕ್ಕರೆ ಒಂದು ಸಲ ಹೀಗೆ ಆಡಿ ನೋಡಿ. ಬಲ ಕೊಡುವ ಅಣಬೆಯನ್ನು ಬಿಟ್ಟುಬಿಡಿ. ಚಿಕ್ಕವನಾಗಿಯೇ ಹೋಗಿ. ಕಷ್ಟವಾಗುತ್ತದೆ. ಒಂದೇ ಏಟಿಗೆ ಸಾಯುತ್ತೀರಿ, ಮತ್ತೆ ಮತ್ತೆ ಶುರುಮಾಡಬೇಕಾಗುತ್ತದೆ. ಅಂಕ ಕಡಿಮೆ ಬರುತ್ತದೆ. ಆದರೆ ನೀವು ದಾಟಿಬಂದ ಪರದೆಯ ಆಚೆ, ಯಾರೂ ತಿರುಗಿ ನೋಡಲಾಗದ ಆ ಎಡಗಡೆಯಲ್ಲಿ, ಇಟ್ಟಿಗೆಗಳೆಲ್ಲ ಇಡಿಯಾಗಿ ಉಳಿದಿರುತ್ತವೆ. ಮೇಷ್ಟ್ರುಗಳು ತಮ್ಮ ತರಗತಿಯ ಮಕ್ಕಳಿಗೆ ಒಂದು ಪ್ರಶ್ನೆ ಹಾಕಲಿ: ರಾಜಕುಮಾರಿ ಬಂದು ಮಾಟ ತೆಗೆದ ದಿನ ಒಡೆದುಹೋದ ಇಟ್ಟಿಗೆಗಳ ಲೆಕ್ಕವನ್ನು ಯಾರು ಕೊಡುತ್ತಾರೆ? ಮಕ್ಕಳು ಏನು ಹೇಳಿದರು ಅಂತ ನಮಗೆ ಬರೆದು ತಿಳಿಸಿ.